ಯಾಣದ ಕಲ್ಲು ಮತ್ತು ಬಸ್ಸಿನ ವೇಳೆ

“ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ” ಎಂಬ ನಾಣ್ಣುಡಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಗೋಕರ್ಣದ ಪೂಜಾಕಾರ್ಯಗಳಿಗೆ ಹಣ ಬೇಕು. ಯಾಣಕ್ಕಾದರೋ ದೇಹಬಲವೂ ಎದೆಗಾರಿಕೆಯೂ ಬೇಕು ಎಂಬುದು ಅದರ ಇಂಗಿತ. ದಟ್ಟ ಕಾಡಿನ ನಡುವೆ ಕಾಲುದಾರಿಯ ಹೊರತು ಬೇರೆ ಮಾರ್ಗವೇ ಇಲ್ಲದಿದ್ದ ಕಾಲದ ಮಾತದು. ಇಲ್ಲಿಯ ‘ಸೊಕ್ಕು’ ಎಂಬ ಪದಕ್ಕೆ ಶಕ್ತಿಯೆಂಬ ಅರ್ಥವೂ ಉಂಟು, ಗರ್ವವೆಂಬ ಅರ್ಥವೂ ಉಂಟು. ಈ ಎರಡನೆಯ ಅರ್ಥವು ನನಗೂ ಅನ್ವಯಿಸುತ್ತದೆಂಬುದನ್ನು ಕಳೆದ ಮಾಗಿಯಲ್ಲಿ ಕಂಡುಕೊಂಡೆ. ಆ ಅನುಭವವನ್ನು ಸದ್ಭಕ್ತ ಕುಟುಂಬಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನನ್ನ ಮೊಮ್ಮಗಳು ಕಾಲೇಜಿನಲ್ಲಿ ವಿಜ್ಞಾನವನ್ನು ಓದುತ್ತಿದ್ದಾಳೆ. ಯಾಣದ ಬಂಡೆಗಳನ್ನು ಕಾಣಬೇಕೆಂಬುದು ಅವಳ ಬಹುದಿನದ ಬಯಕೆ. “ಅಜ್ಜಾ, ಕಾರು ಮಾಡಿಸೋಣ, ಸಂಜೆಗೇ ಮನೆಗೆ ಬಂದುಬಿಡಬಹುದು” ಎಂದಳು. ನಾನು ಒಪ್ಪಲಿಲ್ಲ. ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ನಾವು ಸಹಪಾಠಿಗಳು ಬಸ್ಸು ಹಿಡಿದು, ಮಿಕ್ಕ ದಾರಿಯನ್ನು ನಡೆದು ಅಲ್ಲಿಗೆ ಹೋಗಿದ್ದೆವು. ಈಗಲೂ ಹಾಗೆಯೇ ಹೋಗೋಣವೆಂದೆ. ಅಜ್ಜಿಯು ಕಟ್ಟಿಕೊಟ್ಟ ರೊಟ್ಟಿ-ಚಟ್ನಿಪುಡಿಯ ಬುತ್ತಿಯೊಂದಿಗೆ ಇಬ್ಬರೂ ಹೊರಟೆವು.

ಯಾಣವು ಕುಮಟಾ ತಾಲೂಕಿಗೆ ಸೇರಿದ ಗ್ರಾಮ. ಶಿರಸಿಯಿಂದ ಸುಮಾರು 40, ಕುಮಟೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಹುಬ್ಬಳ್ಳಿಯ ಕಡೆಯವರು ಶಿರಸಿಯ ಮೂಲಕ ಬಸ್ಸಿನಲ್ಲಿ ಬರಬಹುದು. ಮಂಗಳೂರು ಅಥವಾ ಗೋವೆಯ ಕಡೆಯವರಿಗೆ 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗವಿದ್ದು, ಕುಮಟೆಯಲ್ಲಿ ಇಳಿಯುವುದು ಅನುಕೂಲ. ವಾಹನದ ರಸ್ತೆಯು ಈಗ ಶಿಖರಗಳ ಸಮೀಪಕ್ಕೆ ತಲುಪಿರುವುದರಿಂದ ಕೊನೆಯ ಕಾಲುನಡಿಗೆ ಅರ್ಧ ಕಿಲೋಮೀಟರಿನಷ್ಟು ಮಾತ್ರ. ಆದರೆ ಬಸ್ಸನ್ನು ನಂಬಿದವರು ಅದು ಇಳಿಸಿದ ತಿರುವಿನಿಂದ ಕಾಡುದಾರಿಯಲ್ಲಿ ಇನ್ನಷ್ಟು ನಡೆಯಬೇಕಾಗುವುದುಂಟು. ನಮಗೂ ಹಾಗೆಯೇ ಆಯಿತು. ಇಳಿಯುವಾಗ ಕಂಡಕ್ಟರರು, “ಹಿಂದಕ್ಕೆ ಹೋಗುವ ಬಸ್ಸು ಸಂಜೆ ಒಂದೇ, ಯಜಮಾನರೆ. ವೇಳೆ ಮರೆಯಬೇಡಿ” ಎಂದು ಎಚ್ಚರಿಸಿದರು. ನಾನು ತಲೆಯಾಡಿಸಿದೆನೇ ಹೊರತು ಆ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಕಾಡಿನ ನೆರಳಿನಲ್ಲಿ, ತೊರೆಯ ಸದ್ದನ್ನು ಕೇಳುತ್ತ ನಡೆದೆವು. ಎರಡು ಕಡೆ ಕುಳಿತು ದಣಿವಾರಿಸಿಕೊಂಡೆವು. ಮರಗಳ ಮರೆಯಿಂದ ಮೊದಲು ಮೋಹಿನಿ ಶಿಖರವೂ ಆಮೇಲೆ ಭೈರವೇಶ್ವರ ಶಿಖರವೂ ಕಾಣಿಸಿಕೊಂಡವು. ಮೊದಲನೆಯದು ಸುಮಾರು 90 ಮೀಟರ್, ಎರಡನೆಯದು ಸುಮಾರು 120 ಮೀಟರ್ ಎತ್ತರ. ಈ ಪರಿಸರದಲ್ಲಿ ಇಂಥ 61 ಬಂಡೆಗಳಿವೆಯೆಂದು ಹೇಳುವ ವಾಡಿಕೆಯುಂಟು. ಭೈರವೇಶ್ವರ ಶಿಖರದ ಅಡಿಯ ಗುಹೆಯಲ್ಲಿ ಸ್ವಯಂಭೂ ಲಿಂಗವಿದ್ದು, ಅದರ ಮೇಲೆ ಬಂಡೆಯಿಂದ ನೀರು ಜಿನುಗಿ ಬೀಳುತ್ತಿರುತ್ತದೆ. ಅದನ್ನು ಗಂಗೋದ್ಭವವೆಂದು ಕರೆಯುವರು. ಮಹಾಶಿವರಾತ್ರಿಯಲ್ಲಿ ಇಲ್ಲಿ ಜಾತ್ರೆ ನಡೆಯುತ್ತದೆ. ಇಲ್ಲಿ ಹುಟ್ಟುವ ಚಂಡಿಹೊಳೆಯು ಮುಂದೆ ಉಪ್ಪಿನಪಟ್ಟಣದ ಬಳಿ ಅಘನಾಶಿನಿಯನ್ನು ಸೇರುತ್ತದೆ.

ಭಸ್ಮಾಸುರನ ಕಥೆ ಇಲ್ಲಿಯದೇ ಎಂಬುದು ಜನರ ನಂಬಿಕೆ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕೆಂದು ಶಿವನಿಂದ ವರ ಪಡೆದ ಅಸುರನು ವರವಿತ್ತವನನ್ನೇ ಬೆನ್ನಟ್ಟಿದನು. ಮೋಹಿನಿಯ ನೃತ್ಯಕ್ಕೆ ಮರುಳಾಗಿ ತನ್ನ ತಲೆಯ ಮೇಲೆಯೇ ಕೈಯಿಟ್ಟುಕೊಂಡು ಭಸ್ಮವಾದನು. ಆ ಬೆಂಕಿಯಿಂದಲೇ ಈ ಕಲ್ಲುಗಳೂ ಮಣ್ಣೂ ಕಪ್ಪಾದವೆಂದು ಹೇಳುತ್ತಾರೆ.

ಮೊಮ್ಮಗಳು ತಾನು ಓದಿದ್ದನ್ನು ವಿವರಿಸಿದಳು. ಇವು ಸುಣ್ಣಕಲ್ಲಿನ ಬಂಡೆಗಳು. ಮಳೆಯ ನೀರು ಗಾಳಿಯಿಂದಲೂ, ತರಗೆಲೆ ಕೊಳೆತ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸುತ್ತದೆ. ಸಾವಿರಾರು ವರ್ಷಗಳಲ್ಲಿ ಬಿರುಕು ಕಂದಕವಾಗುತ್ತದೆ, ಕಂದಕ ಗುಹೆಯಾಗುತ್ತದೆ. ಕರಗದೆ ಉಳಿದ ಭಾಗವು ಗೋಪುರದಂತೆ ನಿಲ್ಲುತ್ತದೆ. ಇಂಥ ಭೂಮಿಗೆ ‘ಕಾರ್ಸ್ಟ್’ ಎಂದು ಹೆಸರು. ಸ್ಲೊವೇನಿಯ ಮತ್ತು ಇಟಲಿಗಳ ಗಡಿಯಲ್ಲಿರುವ ಕ್ರಾಸ್ ಎಂಬ ಪ್ರಸ್ಥಭೂಮಿಯಿಂದ ಆ ಪದ ಬಂದಿತು. ಮಳೆ ಹೆಚ್ಚಿರುವಲ್ಲಿ ಸುಣ್ಣಕಲ್ಲಿನ ಮೈಮೇಲೆ ಸೂಕ್ಷ್ಮ ಪಾಚಿಗಳು ಬೆಳೆದು ಒಣಗಿ ಕಪ್ಪು ಬಣ್ಣ ಬರುವುದೂ ಸಾಮಾನ್ಯವಂತೆ. “ಅಜ್ಜಾ, ನೀವು ಎಲೆಗೆ ಹಚ್ಚುವ ಸುಣ್ಣದ ಮೂಲವೂ ಈ ಬಂಡೆಯ ಮೂಲವೂ ಒಂದೇ” ಎಂದು ಅವಳು ಹೇಳಿದಾಗ ನನಗೆ ಆಶ್ಚರ್ಯವಾಯಿತು.

ಇಷ್ಟಲಿಂಗವನ್ನು ಧರಿಸಿದ ನಮಗೆ ಕ್ಷೇತ್ರಯಾತ್ರೆಯು ಕಡ್ಡಾಯವಲ್ಲ. ದೇವನನ್ನು ಹುಡುಕಿಕೊಂಡು ಬೆಟ್ಟ ಹತ್ತಬೇಕಾಗಿಲ್ಲ. ಆದರೆ ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲವಷ್ಟೆ. ನೂರಿಪ್ಪತ್ತು ಮೀಟರ್ ಎತ್ತರದ ಸ್ಥಾವರವು ಅಚಲವೆಂದು ನಮಗೆ ತೋರುತ್ತದೆ. ವಸ್ತುತಃ ಅದು ದಿನದಿನವೂ ಕರಗುತ್ತಿದೆ. ಅದನ್ನು ಕರಗಿಸುತ್ತಿರುವುದು ಸಿಡಿಲಲ್ಲ, ಭೂಕಂಪವಲ್ಲ. ನಿಲ್ಲದೆ ಚಲಿಸುವ ಮೃದುವಾದ ನೀರು. ಶರಣರು ನಿಂತದ್ದಕ್ಕಿಂತ ನಡೆಯುವುದನ್ನು ಏಕೆ ದೊಡ್ಡದೆಂದರು ಎಂಬುದನ್ನು ಅಲ್ಲಿ ನಿಂತು ಯೋಚಿಸುವ ಅವಕಾಶ ನನಗೊದಗಿತು.

ಈ ವಿಚಾರವು ನನ್ನ ಬಾಯಲ್ಲಿ ಉಪನ್ಯಾಸವಾಯಿತು. ಅಲ್ಲಿಗೆ ಬಂದಿದ್ದ ಬೇರೆ ಊರಿನ ಕೆಲವರು ಸುತ್ತ ನಿಂತು ಕೇಳಿದರು. ನನಗೆ ಉತ್ಸಾಹ ಏರಿತು. ಮೊಮ್ಮಗಳು ಎರಡು ಬಾರಿ ಗಡಿಯಾರ ತೋರಿಸಿದಳು. “ಇನ್ನೂ ವೇಳೆಯಿದೆ, ಈ ದಾರಿ ನನಗೆ ಗೊತ್ತು” ಎಂದೆ. ಗೊತ್ತಿದ್ದುದು ನಲವತ್ತು ವರ್ಷಗಳ ಹಿಂದಿನ ಕಾಲುಗಳಿಗೆ! ಇಳಿಜಾರಿನಲ್ಲಿ ಮೊಣಕಾಲು ನೋಯತೊಡಗಿತು. ನಾವು ತಿರುವನ್ನು ತಲುಪುವ ಮೊದಲೇ ಬಸ್ಸಿನ ಸದ್ದು ಘಟ್ಟದ ಕೆಳಗೆ ಅಡಗಿತು.

ಕತ್ತಲಾಗುತ್ತಿತ್ತು. ಕಾಡು ನಡುವೆ, ವಯಸ್ಸಿಗೆ ಬಂದ ಹೆಣ್ಣುಮಗುವನ್ನು ನನ್ನ ಹಟಕ್ಕಾಗಿ ಕರೆತಂದೆನಲ್ಲಾ ಎಂದು ಎದೆ ನಡುಗಿತು. ಅವಳು ನನ್ನನ್ನು ಒಂದು ಮಾತೂ ಆಡಲಿಲ್ಲ. ನನ್ನ ಚೀಲವನ್ನು ತಾನೇ ತೆಗೆದುಕೊಂಡು, “ನಿಧಾನ ನಡೆಯಿರಿ ಅಜ್ಜಾ, ಬರುವಾಗ ಅಡಿಕೆ ತೋಟದ ಹತ್ತಿರ ಮನೆ ಕಂಡಿದ್ದೆ” ಎಂದಳು. ನಾನು ಬಂಡೆಗಳ ಚಿಂತನೆಯಲ್ಲಿದ್ದಾಗ ಅವಳು ದಾರಿಯನ್ನು ನೋಡಿಟ್ಟುಕೊಂಡಿದ್ದಳು.

ಆ ಮನೆಯವರು ಹವ್ಯಕರು. ನಮ್ಮ ಗುರುತು ಕೇಳುವ ಮೊದಲು ಕಾಲಿಗೆ ನೀರು ಕೊಟ್ಟರು. ಬೆಲ್ಲ-ನೀರಿನ ಆಸರಿಗೆ ಕೊಟ್ಟರು. ರಾತ್ರಿ ಉಳಿಸಿಕೊಂಡರು. ಮರುದಿನ ಬೆಳಗಿನಲ್ಲಿ ನಾನು ಲಿಂಗಪೂಜೆಗೆ ಕುಳಿತಾಗ ಆ ಮನೆಯ ಅಮ್ಮನವರು ತೋಟದ ಹೂವನ್ನು ತಂದು ದೂರದಲ್ಲಿಟ್ಟು ಹೋದರು. ಅನಂತರ ಬೆಳಗಿನ ಬಸ್ಸಿಗೆ ಅರ್ಧ ಗಂಟೆ ಮೊದಲೇ ನಾನು ತಿರುವಿನಲ್ಲಿ ಕುಳಿತಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ.

ಕುಟುಂಬ ಸಮೇತ ಹೋಗಬಯಸುವವರಿಗೆ ಕೆಲವು ಮಾತುಗಳು. ಹೋಗುವ ಮತ್ತು ಮರಳುವ ಬಸ್ಸುಗಳ ವೇಳೆಯನ್ನು ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿ ಬರೆದಿಟ್ಟುಕೊಳ್ಳಿರಿ. ಕೊನೆಯ ಬಸ್ಸನ್ನಲ್ಲ, ಸಾಧ್ಯವಾದರೆ ಅದರ ಹಿಂದಿನದನ್ನು ನೆಚ್ಚಿರಿ. ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕಲ್ಪಿಸುವ ಶಕ್ತಿ ಯೋಜನೆಯು 2023ರ ಜೂನ್ 11ರಂದು ಆರಂಭವಾದ ಮೇಲೆ, ಮನೆಯ ತಾಯಂದಿರು ಇಂಥ ಸ್ಥಳಗಳನ್ನು ಕಾಣುವುದು ಸುಲಭವಾಗಿದೆ. ಮಳೆಗಾಲದಲ್ಲಿ ಕಲ್ಲು ಜಾರುವುದರಿಂದಲೂ ಜಿಗಣೆಗಳ ಕಾಟದಿಂದಲೂ ನಡಿಗೆ ಕಷ್ಟ. ಮಳೆ ನಿಂತ ಮೇಲಿನ ತಿಂಗಳುಗಳು ಉತ್ತಮ. ಆದರೆ ಆ ಸೀಮೆಯ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಭಯ ಇರುವುದರಿಂದ ಮೈ ತುಂಬ ಬಟ್ಟೆ ಧರಿಸಿ, ತರಗೆಲೆಯ ಮೇಲೆ ಕುಳಿತುಕೊಳ್ಳದಿರಿ. ಶಿಖರಗಳ ಮೇಲೆ ಹೆಜ್ಜೇನಿನ ಗೂಡುಗಳಿರುತ್ತವೆ. ಹೊಗೆ, ಗದ್ದಲ ಬೇಡ. ಬುತ್ತಿಯ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ಮರಳಿ ತನ್ನಿರಿ. ಕಲ್ಲನ್ನು ಕೆತ್ತಿ ಹೆಸರು ಬರೆಯುವುದಂತೂ ಸಲ್ಲದು. ನೀರು ಸಾವಿರಾರು ವರ್ಷ ದುಡಿದು ಮಾಡಿದ ಆಕಾರವನ್ನು ಒಂದು ಮೊಳೆಯಿಂದ ಕೆಡಿಸಬಾರದು.

ಕಾರಿನಲ್ಲಿ ಹೋಗಿದ್ದರೆ ಕಾರು ನಮ್ಮನ್ನು ಕಾಯುತ್ತಿತ್ತು; ಬಸ್ಸು ಕಾಯಲಿಲ್ಲ. ಅರುವತ್ತು ದಾಟಿದ ಪಂಡಿತನ ಗರ್ವವೂ ಒಂದು ಬಗೆಯ ಬಂಡೆಯೇ. ಅದರ ಸ್ವಲ್ಪ ಭಾಗವಾದರೂ ಅಂದು ಕರಗಿತೆಂದರೆ, ಅದಕ್ಕೆ ಕಾರಣ ನನ್ನ ಓದಲ್ಲ; ಮೊಮ್ಮಗಳ ತಾಳ್ಮೆ, ಅಪರಿಚಿತರ ಒಂದು ತಂಬಿಗೆ ನೀರು. ಹೋಗುವವರು ಮಕ್ಕಳನ್ನು ಕರೆದುಕೊಂಡು ಹೋಗಿರಿ. ಅವರು ಗಡಿಯಾರ ತೋರಿಸಿದಾಗ ಎದ್ದು ಹೊರಡಿರಿ.