ನಾಲ್ಕು ಸೂಜಿಗಳಿಂದ ಒಂದಕ್ಕೆ

ಮಧುಮೇಹವು ನಮ್ಮವರಿಗೆ ಹೊಸ ವ್ಯಾಧಿಯಲ್ಲ. ಚರಕಸಂಹಿತೆಯು ಹೇಳುವ 20 ಬಗೆಯ ಪ್ರಮೇಹಗಳಲ್ಲಿ ಅದೂ ಒಂದು. ಇನ್ಸುಲಿನ್ ಎಂಬ ಔಷಧವಾದರೋ 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬೆಳಕಿಗೆ ಬಂದಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ ಅದನ್ನು ತಯಾರಿಸಿ ಪೇಟೆಗೆ ತಂದಿತು. ಔಷಧವು ಹತ್ತಿರವಾಯಿತು, ಅದನ್ನು ತೆಗೆದುಕೊಳ್ಳುವ ಕ್ರಮವು ಮಾತ್ರ ಅನೇಕ ಗೃಹಸ್ಥರಿಗೆ ಕಷ್ಟಸಾಧ್ಯವಾಗಿಯೇ ಉಳಿದಿದೆ.

ನಮ್ಮ ಅನುಭವವನ್ನೇ ಹೇಳುವೆವು. ಎರಡು ವರ್ಷಗಳ ಹಿಂದೆ ವಿಷಮಜ್ವರದಿಂದ ಆಸ್ಪತ್ರೆ ಸೇರಿದ್ದ ನಾವು ಜಯನಗರದ ಮನೆಗೆ ಮರಳುವಾಗ ದಿನಕ್ಕೆ ನಾಲ್ಕು ಸೂಜಿಗಳ ವಿಧಿಯನ್ನು ಹೊತ್ತು ತಂದೆವು: ಮೂರು ಹೊತ್ತಿನ ಆಹಾರಕ್ಕೆ ಮುಂಚೆ ಒಂದೊಂದು, ಮಲಗುವಾಗ ಇನ್ನೊಂದು. ಮೊದಲು ತಪ್ಪಿದ್ದು ಮಧ್ಯಾಹ್ನದ್ದು. ಬನಶಂಕರಿಯ ಮದುವೆಮನೆಯಲ್ಲಿ ಪಂಕ್ತಿಗೆ ಕುಳಿತವನು ಎದ್ದುಹೋಗಿ ಹೊಟ್ಟೆಗೆ ಚುಚ್ಚಿಕೊಳ್ಳುವುದೆಂತು? ಇನ್ನೊಂದು ದಿನ ಸೂಜಿ ಹಾಕಿಕೊಂಡ ಮೇಲೆ ಊಟವು ತಡವಾಗಿ, ಮೈ ಬೆವೆತು ಕೈ ನಡುಗಿತು. ಸಕ್ಕರೆಯ ನೀರು ಕುಡಿದು ಚೇತರಿಸಿಕೊಂಡೆವು. ಆ ಭಯದಿಂದ ರಾತ್ರಿಯದನ್ನೂ ಆಗಾಗ ಬಿಟ್ಟೆವು. ಲಜ್ಜೆಯ ಸಂಗತಿಯೆಂದರೆ, ವೈದ್ಯರಿಗೆ ತೋರಿಸುವ ಪುಸ್ತಕದಲ್ಲಿ ಅಂಕಿಗಳನ್ನು ಕಲ್ಪಿಸಿ ಬರೆದೆವು. ಮೂವತ್ತು ವರ್ಷ ಹುಡುಗರ ಕಾಪಿ ಹಿಡಿದವರು ನಾವು!

ರಕ್ತವು ಸುಳ್ಳು ಹೇಳಲಿಲ್ಲ. ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆಯು ಶೇಕಡಾ 10 ಎಂದಿತು.

“ಮೇಷ್ಟ್ರೇ, ನಿಜವಾಗಿ ಎಷ್ಟು ಹಾಕಿಕೊಳ್ಳುತ್ತೀರಿ?” ಎಂದು ಆ ತರುಣ ವೈದ್ಯೆ ಕೇಳಿದರು.

“ಎರಡು. ಒಮ್ಮೊಮ್ಮೆ ಒಂದು.”

“ಹಾಗಾದರೆ ತಪ್ಪದೆ ಹಾಕಿಕೊಳ್ಳುವಂತಹ ಒಂದನ್ನೇ ಇಟ್ಟುಕೊಳ್ಳೋಣ.”

ಕಾರಣವನ್ನೂ ಅವರು ವಿವರಿಸಿದರು. ಎರಡನೆಯ ಬಗೆಯ ಮಧುಮೇಹದಲ್ಲಿ ಅನೇಕರ ಶರೀರವು ಸ್ವಲ್ಪಮಟ್ಟಿಗೆ ಇನ್ಸುಲಿನ್ನನ್ನು ತಾನೇ ಉತ್ಪಾದಿಸುತ್ತಿರುತ್ತದೆ. ನಮ್ಮ ಊಟದ ಸೂಜಿಗಳು ಒಂದೊಂದೂ 10 ಯೂನಿಟ್ಟಿಗಿಂತ ಕಡಿಮೆಯಾಗಿದ್ದುದರಿಂದ ಅವುಗಳನ್ನು ನಿಲ್ಲಿಸಿ ಮಾತ್ರೆಗಳನ್ನು ಕೊಟ್ಟರು. ಹೆಚ್ಚು ಪ್ರಮಾಣ ಬೇಕಾದವರಿಗೆ ಮೊದಲು ಅರ್ಧಕ್ಕಿಳಿಸಿ, ಮಾತ್ರೆಯನ್ನು ಸೇರಿಸಿ, ಕ್ರಮೇಣ ಬಿಡಿಸುವರಂತೆ. ಇಡೀ ದಿನ ಮಂದವಾಗಿ ಕೆಲಸಮಾಡುವ ಇನ್ಸುಲಿನ್ನನ್ನು ರಾತ್ರಿಯಿಂದ ಬೆಳಗಿಗೆ ಬದಲಿಸಿದರು. ಬರಿಹೊಟ್ಟೆಯ ಸಕ್ಕರೆಯನ್ನು ನೋಡಿ ಅದರ ಪ್ರಮಾಣವನ್ನು ಅವರೇ ಏರಿಸಿ ಇಳಿಸಿದರು.

ವಾಚಕರು ಇದನ್ನು ಓದಿ ತಮ್ಮ ಸೂಜಿಯನ್ನು ತಾವೇ ನಿಲ್ಲಿಸಕೂಡದು. ಮೊದಲನೆಯ ಬಗೆಯ ಮಧುಮೇಹದವರಿಗೆ ಅದು ಪ್ರಾಣಾಪಾಯ. ಎಲ್ಲರಿಗೂ ಒಂದೇ ಸೂಜಿ ಸಾಲದೆಂದೂ ವೈದ್ಯೆ ಒತ್ತಿ ಹೇಳಿದರು. ತಪ್ಪಿಸಿದ ಸೂಜಿಗಳ ಲೆಕ್ಕವನ್ನು ವೈದ್ಯರಿಂದ ಮರೆಸದಿರುವುದಷ್ಟೇ ರೋಗಿಯ ಪಾಲಿನ ಕೆಲಸ.

ಮೂರು ತಿಂಗಳ ತರುವಾಯ ಸರಾಸರಿಯು 7.9ಕ್ಕೆ ಇಳಿದಿದ್ದಿತು. ಇನ್ನೂ ಇಳಿಯಬೇಕೆಂದರು. ಪುಸ್ತಕದಲ್ಲಿ ಈಗ ದಿನಕ್ಕೆ ಒಂದೇ ಅಂಕಿ. ಕಾಫಿಗೆ ಮೊದಲು, ನಮ್ಮ ಮನೆಯವರ ಎದುರಿಗೇ ಬರೆಯುತ್ತೇವೆ.