ವಿದ್ಯುತ್ ಕಾರಿನೊಳಗೊಂದು ದುಂಬಿ

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ ಕಾಸರಗೋಡಿನ ವಾಚಕರಿಗೆ ದೂರದ ನಂಟಸ್ತಿಕೆಯ ಊರು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅತ್ತ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂದರೂ ಪಕ್ಕದ ತಾಳವಾಡಿ ಅಲ್ಲೇ ಉಳಿಯಿತು. ವರನಟ ರಾಜ್‌ಕುಮಾರರ ಗಾಜನೂರು ಇರುವುದು ಇಲ್ಲೇ. ಮನೆಮಾತು ಕನ್ನಡ, ಹತ್ತಿರದ ಪೇಟೆ ಚಾಮರಾಜನಗರ. ಆದರೆ ಈರೋಡಿಗೋ ಕೊಯಮತ್ತೂರಿಗೋ ಹೋಗುವವರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ನಾವು ಹೇಳಹೊರಟಿರುವುದು ಆ ಘಾಟಿ ಇಳಿಯಬೇಕಾಗಿದ್ದ ಒಂದು ಕಾರಿನ ಸಂಗತಿ.

ಕಳೆದ ರಜೆಯಲ್ಲಿ ನಾವು ತಾಳವಾಡಿಯ ಅಧ್ಯಾಪಕ ಮಿತ್ರರೊಬ್ಬರ ಮನೆಯಲ್ಲಿದ್ದೆವು. ಅವರು ಸಾಲ ಮಾಡಿ ಮೂರು ವರ್ಷ ಓಡಿದ್ದ ವಿದ್ಯುತ್ ಕಾರೊಂದನ್ನು ಕೊಂಡಿದ್ದರು. ಗಂಟೆಗೆ 40 ಕಿಲೋಮೀಟರ್ ದಾಟುತ್ತಲೇ ಅದರೊಳಗಿಂದ ಗುಂಯ್ ಎಂಬ ಸದ್ದು ಏಳುತ್ತಿತ್ತು, ಕಿಟಕಿ ಮುಚ್ಚಿದ ಕೋಣೆಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ. ಎಂಟು ದಿನಕ್ಕೆ ಅವರ ತಾಯಿಯವರಿಗೆ ಕೊಯಮತ್ತೂರಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ. ಸರ್ವಿಸ್ ಕೇಂದ್ರಕ್ಕೆ ಫೋನು ಮಾಡಿದರೆ, "ಮೋಟಾರಿನದ್ದಿರಬಹುದು, ಗಾಡಿ ತಂದು ಬಿಡಿ, ನೋಡೋಣ" ಎಂದರು. ಆ ಕೇಂದ್ರವಿರುವುದೂ ಘಾಟಿಯ ಕೆಳಗೇ! ಎಳೆದುಕೊಂಡು ಹೋಗೋಣವೆಂದರೆ ಅದೂ ಆಗದು. ಮೋಟಾರಿಗೆ ಜೋಡಿಸಿದ ಚಕ್ರಗಳು ನೆಲದಲ್ಲಿ ಉರುಳುತ್ತಿದ್ದರೆ ಮೋಟಾರು ಡೈನಮೋದಂತೆ ವಿದ್ಯುತ್ತು ಹುಟ್ಟಿಸಿ ಕೆಟ್ಟುಹೋಗುವ ಭಯವಿದೆ. ಲಾರಿಯ ಮೇಲೇರಿಸಿಯೇ ಒಯ್ಯಬೇಕು.

ವಿದ್ಯುತ್ ಕಾರಿನಲ್ಲಿ ಸದ್ದೇ ಇರದೆಂದು ಅನೇಕರ ಎಣಿಕೆ. ಪೆಟ್ರೋಲ್ ಕಾರಿನಲ್ಲಿ ಇಂಜಿನಿನ ಗದ್ದಲ ಮಿಕ್ಕ ಸದ್ದುಗಳನ್ನೆಲ್ಲ ನುಂಗಿಬಿಡುತ್ತದೆ, ಇಲ್ಲಿ ನುಂಗುವವರಿಲ್ಲ. ನಿಂತ ಕಾರು ಗುಂಯ್‌ಗುಟ್ಟಿದರೆ ಬ್ಯಾಟರಿ ತಂಪುಮಾಡುವ ಪಂಪೋ ಫ್ಯಾನೋ ಇರಬೇಕು. ಚಾರ್ಜಿಗೆ ಹಾಕಿದಾಗ ಅದು ಸಹಜ. ನಿಧಾನವಾಗಿ ಹೋಗುವಾಗ ಕೇಳುವ ಸದ್ದು ಕೆಲವು ಕಾರುಗಳಲ್ಲಿ ಪಾದಚಾರಿಗಳ ಎಚ್ಚರಿಕೆಗೆಂದು ಬೇಕೆಂದೇ ಇಟ್ಟದ್ದು. ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈಯಿಂದ ಹೊಸ ವಿದ್ಯುತ್ ಕಾರುಗಳಿಗೆಲ್ಲ ಅದು ಕಡ್ಡಾಯ. ವೇಗದ ಪೆಡಲು ಒತ್ತಿದಾಗ ಏರಿ ಬಿಟ್ಟಾಗ ಇಳಿಯುವ ಸದ್ದಾದರೆ ಮೋಟಾರು, ಗೇರುಗಳ ಕಡೆ ನೋಡಬೇಕು. ಪೆಡಲಿನ ಹಂಗಿಲ್ಲದೆ ಬರೇ ವೇಗದೊಡನೆ ಏರಿ ಇಳಿಯುವುದಾದರೆ ಟೈರು, ಇಲ್ಲವೇ ಚಕ್ರದ ಬೇರಿಂಗು.

ಮರುದಿನ ಬೆಳಿಗ್ಗೆ ಚಾಮರಾಜನಗರದ ರಸ್ತೆಯಲ್ಲಿ, ಕೋಸಿನ ಹೊಲಗಳ ನಡುವಿನ ಸಮತಟ್ಟು ಜಾಗದಲ್ಲಿ, ಪರೀಕ್ಷೆಗೆ ತೊಡಗಿದೆವು. ಎದುರು ಬದುರು ವಾಹನವಿಲ್ಲದ್ದು ನೋಡಿ 50ರ ವೇಗದಲ್ಲಿ ಮಿತ್ರರು ನ್ಯೂಟ್ರಲಿಗೆ ಹಾಕಿದರು. ಆಗಲೂ ಮೋಟಾರು ಚಕ್ರದೊಡನೆ ತಿರುಗುತ್ತಲೇ ಇರುತ್ತದೆ, ಆದರೆ ಬ್ಯಾಟರಿ ಅದನ್ನು ನೂಕುವುದಿಲ್ಲ. ಸದ್ದು ಎಳ್ಳಷ್ಟೂ ಬದಲಾಗಲಿಲ್ಲ. ನುಣುಪು ಡಾಂಬರಿನಿಂದ ಒರಟು ಡಾಂಬರಿಗೆ ಬಂದಾಗಲೂ ಅದೇ ರಾಗ. ಟೈರಿನದ್ದಾದರೆ ರಸ್ತೆ ಬದಲಾದಂತೆ ಸ್ವರ ಬದಲಾಗಬೇಕಿತ್ತು. ಆದರೆ ಬಲಕ್ಕೆ ವಾಲಿಸಿದರೆ ಸದ್ದು ಜೋರು, ಎಡಕ್ಕೆ ವಾಲಿಸಿದರೆ ಮೆಲ್ಲಗೆ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಹೀಗಾಗಿ ನಮ್ಮ ಗುಮಾನಿ ಎಡಗಡೆಗೆ ಹೋಯಿತು.

ತಾಳವಾಡಿಯಲ್ಲಿ ಟ್ರ್ಯಾಕ್ಟರ್, ಜೀಪು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಮೊದಲು ಹತ್ತಿರ ಬರಲೇ ಒಪ್ಪಲಿಲ್ಲ. "ಇದು ಕರೆಂಟಿನ ಗಾಡಿ ಕನ ಸಾ, ನಂಗ್ ತಿಳೀದು." ಅವರ ಹೆದರಿಕೆ ಸುಳ್ಳಲ್ಲ, ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಇರುವುದು ಪ್ರಾಣ ತೆಗೆಯುವ ವೋಲ್ಟೇಜು, ತರಬೇತಿಯಿಲ್ಲದವರು ಮುಟ್ಟಕೂಡದು. ಆದರೆ ಚಕ್ರಕ್ಕೂ ಆ ಕೇಬಲ್ಲಿಗೂ ಸಂಬಂಧವಿಲ್ಲವೆಂದು ತೋರಿಸಿದ ಮೇಲೆ ಜಾಕಿ ತಂದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಎಡ ಚಕ್ರ ಎತ್ತಿದರು. ಟೈರಿನ ಮೇಲೆ ಅಂಗೈ ಸವರಿ ಸವೆತ ನೋಡಿದರು. ಒಂದು ಕೈಯನ್ನು ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿದರು, ಕಣ್ಣು ಮುಚ್ಚಿಕೊಂಡು. ಆಮೇಲೆ ಬಲ ಚಕ್ರಕ್ಕೂ ಹಾಗೆಯೇ. ಕೊನೆಗೆ ಎಡಕ್ಕೆ ಮರಳಿ, "ಮೇಷ್ಟ್ರೆ, ಇಲ್ಲಿ ಕೈ ಮಡಗಿ" ಎಂದರು. ಸ್ಪ್ರಿಂಗಿನ ಸುರುಳಿಯಲ್ಲಿ ರಾಗಿಕಲ್ಲು ಬೀಸಿದಂತೆ ಗರಗರ ನಡುಕ! ಬಲಗಡೆ ಏನೇನೂ ಇರಲಿಲ್ಲ.

ಆಡಿ ತೋರದ ಚಕ್ರ, ಹಾಗಾಗಿ ಕಂಡುಹಿಡಿಯುವುದು ಕಷ್ಟ. ಒಳಗೆ ನೀರು ಇಳಿದೋ ಗುಂಡಿಗೆ ಬಡಿದೋ ಬೇರಿಂಗಿನ ಹಾದಿ ಕಚ್ಚಿಹೋಗಿತ್ತು. ಹಾಗೇ ಬಿಟ್ಟರೆ ಬಿಸಿಯೇರಿ ಚಕ್ರ ಸಡಿಲಾಗುತ್ತದೆ. ಇಪ್ಪತ್ತೇಳು ತಿರುವಿನ ಇಳಿಜಾರಿನಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಬಿಚ್ಚುವುದು ತಾಳವಾಡಿಯಲ್ಲಾಯಿತು, ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ಸು ಅಲ್ಲಿಲ್ಲ. ಚಕ್ರದ ಗುಂಬವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ನಾವೂ ಮಿತ್ರರೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ಬೇರಿಂಗಿನ ಒಂದು ಮಗ್ಗುಲಲ್ಲಿ ಬ್ರೇಕಿನ ಎ.ಬಿ.ಎಸ್. ವ್ಯವಸ್ಥೆಗಾಗಿ ಅಯಸ್ಕಾಂತದ ಪಟ್ಟಿಯಿರುತ್ತದೆ. ಅದು ಸೆನ್ಸರಿನ ಕಡೆಗೇ ಮುಖ ಮಾಡಬೇಕು. ಅಂಗಡಿಯ ಹುಡುಗ ತಿರುಗು ಮುರುಗು ಇಡಲಿದ್ದ. ಮಿತ್ರರು ಕೈ ಹಿಡಿದು ನಿಲ್ಲಿಸಿದರು. ಆಕ್ಸಲಿನ ನಟ್ಟನ್ನು ಅಂದಾಜಿನಲ್ಲಿ ಬಿಗಿಯುವಂತಿಲ್ಲ, ಅಳತೆಯ ಟಾರ್ಕ್ ಸ್ಪ್ಯಾನರು ಬೇಕು. ಅದನ್ನು ಬೇರೊಂದು ಗ್ಯಾರೇಜಿನಿಂದ ಎರವಲು ತರಬೇಕಾಯಿತು.

ಏಳನೆಯ ದಿನ ಕಾರು ಮೌನವಾಗಿತ್ತು. ಹುಲಿ ರಕ್ಷಿತಾರಣ್ಯವೆಂದು ಘಾಟಿಯ ರಾತ್ರಿ ಸಂಚಾರಕ್ಕೆ 2022ರಿಂದ ಹೈಕೋರ್ಟಿನ ಆದೇಶದಂತೆ ಕಡಿವಾಣವಿದೆ. ಹಾಗಾಗಿ ಎಂಟನೆಯ ದಿನ ಬೆಳಕು ಹರಿದ ಮೇಲೆ ಹೊರಟೆವು. ಹಾಸನೂರು ದಾಟಿ ದಿಂಬಂ ನೆತ್ತಿಗೆ ಬಂದಾಗ ಚಾರ್ಜು ನೂರಕ್ಕೆ 71. ಇಳಿಯುವಾಗ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿ ತುಂಬಿಸಿದ್ದರಿಂದ ಬಣ್ಣಾರಿಯಲ್ಲಿ 74! ಹಿಂದಿನ ಸೀಟಿನಿಂದ ತಾಯಿ, "ಗಾಡಿ ಆಫಾಗದಾ, ಮಗ?" ಎಂದು ಎರಡು ಸಲ ಕೇಳಿದರು.

ಬಲ ಚಕ್ರದ ಬೇರಿಂಗೂ ಅಷ್ಟೇ ವಯಸ್ಸಿನದು, ಅದರ ಮೇಲೂ ಒಂದು ಕಿವಿ ಇರಲಿ ಎಂದು ಮೆಕಾನಿಕ್ ಹೇಳಿ ಕಳಿಸಿದ್ದಾರೆ. ಹಳೆಯದನ್ನು ಮಿತ್ರರು ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಇಟ್ಟಿದ್ದಾರೆ.