ಹದಿನೈದರ ಹುಡುಗಿಗೆ ನಲವತ್ತರ ಕಂಠ

ಪುಚ್ಚಿನಿಯ ‘ಮದಾಮ ಬಟರ್‌ಫ್ಲೈ’ ಒಪೆರಾದ ಮೊದಲ ಅಂಕದಲ್ಲಿ ಮದುವಣಗಿತ್ತಿಯಾಗಿ ಬರುವ ಚೋ-ಚೋ-ಸಾನ್, ತನ್ನ ವಯಸ್ಸೆಷ್ಟು ಊಹಿಸಿ ಎಂದು ಅಮೆರಿಕದ ಕಾನ್ಸುಲ್‌ನನ್ನು ಕೆಣಕುತ್ತಾಳೆ. ಅವನ ಊಹೆ ಒಮ್ಮೆ ತೀರಾ ಕೆಳಗಿಳಿಯುತ್ತದೆ, ಇನ್ನೊಮ್ಮೆ ತೀರಾ ಮೇಲೇರುತ್ತದೆ. ಕೊನೆಗೆ ಅವಳೇ ಗುಟ್ಟು ಬಿಡುತ್ತಾಳೆ: ಹದಿನೈದು.

ಆದರೆ ಈ ಪಾತ್ರವನ್ನು ಹದಿನೈದರ ಯಾವ ಹುಡುಗಿಯೂ ಹಾಡಲಾರಳು. ಇಪ್ಪತ್ತೈದರಲ್ಲೂ ಅದರ ತಂಟೆಗೆ ಹೋಗಬೇಡ ಎಂದೇ ಬಲ್ಲ ಗುರುಗಳು ಹೇಳುತ್ತಾರೆ. ಒಮ್ಮೆ ರಂಗಕ್ಕೆ ಬಂದ ಚೋ-ಚೋ-ಸಾನ್ ಕಥೆ ಮುಗಿಯುವವರೆಗೂ ಹೆಚ್ಚುಕಡಿಮೆ ಅಲ್ಲೇ ಇರುತ್ತಾಳೆ. ರಂಗದ ಮುಂದಿನ ತಗ್ಗಿನಲ್ಲಿ ದೊಡ್ಡ ವಾದ್ಯವೃಂದ. ಮೈಕ್ ಇಲ್ಲ. ಅಷ್ಟು ವಾದ್ಯಗಳ ಮೊರೆತವನ್ನು ಸೀಳಿಕೊಂಡು ದನಿ ಸಭಾಂಗಣದ ಕಡೆಯ ಸಾಲನ್ನು ಮುಟ್ಟಬೇಕು. ‘ಸಲೋಮೆ’ ಬರೆದ ರಿಚರ್ಡ್ ಸ್ಟ್ರಾಸ್, ತನಗೆ ಬೇಕಾದವಳು ವಾಗ್ನರ್‌ನ ಇಸೋಲ್ಡೆಯ ಕಂಠವಿರುವ ಹದಿನಾರರ ರಾಜಕುಮಾರಿ ಎಂದಿದ್ದ. ಅಂಥವಳು ಇನ್ನೂ ಹುಟ್ಟಿಲ್ಲ. ಒಪೆರಾದಲ್ಲಿ ಪಾತ್ರದ ವಯಸ್ಸು ಒಂದಾದರೆ, ಅದನ್ನು ಹೊರುವ ಗಂಟಲಿನ ವಯಸ್ಸು ಇನ್ನೊಂದು. ಹೆಣ್ಣುದನಿಗಳಲ್ಲೇ ಅತಿ ಎತ್ತರದ್ದಾದ ಸೊಪ್ರಾನೊ ಕಂಠದವರ ವೃತ್ತಿಯೆಲ್ಲ ಈ ಎರಡು ವಯಸ್ಸುಗಳ ನಡುವಿನ ಚೌಕಾಸಿ.

ಆ ಚೌಕಾಸಿಯಲ್ಲಿ ಪಳಗಿದವರೆಂದರೆ ಇಟಲಿಯ ಮಿರೆಲ್ಲಾ ಫ್ರೆನಿ. 1935ರಲ್ಲಿ ಮೊದೆನಾ ಊರಿನಲ್ಲಿ ಹುಟ್ಟಿದರು. ಅದೇ ಊರಿನ ಲುಚಾನೊ ಪವರೊಟ್ಟಿ ಅವರಿಗೆ ಬಾಲ್ಯದ ಒಡನಾಡಿ. ಇಬ್ಬರ ತಾಯಂದಿರೂ ತಂಬಾಕು ಕಾರ್ಖಾನೆಯಲ್ಲಿ ಕೂಲಿ, ಇಬ್ಬರಿಗೂ ಹಾಲೂಡಿದ ದಾದಿ ಒಬ್ಬಳೇ. ಫ್ರೆನಿ 1955ರಲ್ಲಿ ‘ಕಾರ್ಮೆನ್’ನ ಮಿಕಾಯೆಲಾ ಆಗಿ ರಂಗಕ್ಕೆ ಬಂದರು. ಮುಗ್ಧ ಹಳ್ಳಿ ಹುಡುಗಿಯ ಸಣ್ಣ ಪಾತ್ರ ಅದು. ಮುಂದೆ ಹುಟ್ಟಿದ ಮಗಳಿಗೂ ಅದೇ ಹೆಸರಿಟ್ಟರು. 1963ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ವಾದ್ಯವೃಂದ ನಿರ್ದೇಶಕ ಹೆರ್ಬರ್ಟ್ ಫಾನ್ ಕರಾಯನ್ ಕೈಕೆಳಗೆ ‘ಲಾ ಬೊಹೆಮ್’ನ ಮಿಮಿಯಾದರು. ಹಗುರವೂ ಬೆಚ್ಚಗೂ ಇದ್ದ ಆ ಕಂಠಕ್ಕೆ ಕರಾಯನ್ ಮರುಳಾದರು. 1970ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಅವರಿಂದ ವೆರ್ದಿಯ ದೆಸ್ದೆಮೋನಾಳನ್ನು ಹಾಡಿಸಿದರು, 1979ರಲ್ಲಿ ‘ಆಯಿದಾ’ ಹಾಡಿಸಿದರು. ಮೆಟ್ಟಿಲು ಮೆಟ್ಟಿಲಾಗಿ ಭಾರ ಏರುತ್ತಿತ್ತು.

ಕರಾಯನ್ ಆಮೇಲೆ ‘ತುರಂದೊತ್’ ಕೇಳಿದರು. ಉಕ್ಕಿನ ಕಂಠವನ್ನೂ ಸವೆಸುವ ಪಾತ್ರ ಅದು. ಫ್ರೆನಿ ಒಲ್ಲೆ ಎಂದರು. ಆ ಕಾಲದ ಯುರೋಪಿನಲ್ಲಿ ಕರಾಯನ್‌ಗೆ ಒಲ್ಲೆ ಎಂದವರು ಹೆಚ್ಚು ಮಂದಿ ಇರಲಿಕ್ಕಿಲ್ಲ. 1981ರಲ್ಲಿ ಕರಾಯನ್ ಆ ಒಪೆರಾವನ್ನು ಕಾತ್ಯಾ ರಿಚ್ಚಾರೆಲ್ಲಿ ಎಂಬ ಇನ್ನೊಬ್ಬ ಮೃದುಕಂಠದ ಗಾಯಕಿಯಿಂದ ಹಾಡಿಸಿ ಧ್ವನಿಮುದ್ರಿಸಿದರು. ಬಟರ್‌ಫ್ಲೈ ವಿಷಯದಲ್ಲೂ ಫ್ರೆನಿ ಹಾಗೆಯೇ: ರೆಕಾರ್ಡ್‌ನಲ್ಲಿ ಹಾಡಿದರು, ಸಿನಿಮಾದಲ್ಲಿ ನಟಿಸಿದರು, ರಂಗದ ಮೇಲೆ ಮಾತ್ರ ಒಮ್ಮೆಯೂ ಪೂರ್ತಿಯಾಗಿ ಹಾಡಲಿಲ್ಲ. ಸ್ಟುಡಿಯೊದಲ್ಲಿ ಒಂದು ಹಾಡು ಮುಗಿದ ಮೇಲೆ ಚಹಾ ಕುಡಿಯಬಹುದು. ರಂಗದಲ್ಲಿ ಮುಂದಿನ ಹಾಡು ಬೆನ್ನಿಗೇ ನಿಂತಿರುತ್ತದೆ.

2005ರ ಏಪ್ರಿಲ್ 11ರಂದು ಫ್ರೆನಿ ವಾಷಿಂಗ್ಟನ್ನಿನಲ್ಲಿ ಕೊನೆಯ ಬಾರಿ ಒಪೆರಾ ಹಾಡಿದರು. ಚೈಕೊವ್‌ಸ್ಕಿಯ ‘ಓರ್ಲಿಯನ್ಸ್‌ನ ಕನ್ಯೆ’. ಪಾತ್ರ ಹದಿಹರೆಯದ ಜೋನ್ ಆಫ್ ಆರ್ಕ್. ಹಾಡಿದವರಿಗೆ ಎಪ್ಪತ್ತು.

ಗಂಟಲೊಳಗೆ ನಡೆಯುವುದೇನು? ಹೆಣ್ಣಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳ ಉದ್ದ ಒಂದರಿಂದ ಒಂದೂವರೆ ಸೆಂಟಿಮೀಟರ್. ತಂತು ಎನ್ನುತ್ತೇವಾದರೂ ಅವು ವೀಣೆಯ ತಂತಿಯಂತಲ್ಲ; ಒದ್ದೆಯಾದ ತೆಳು ಪೊರೆ ಹೊದ್ದ ಮಡಿಕೆಗಳು. ಸೊಪ್ರಾನೊಗಳ ಹೆಗ್ಗುರುತಾದ ತಾರಸ್ಥಾಯಿಯ ‘ಹೈ ಸಿ’ ಹೊರಡಬೇಕಾದರೆ ಅವು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಒಂದಕ್ಕೊಂದು ತಾಕಿ ಬೇರೆಯಾಗಬೇಕು. ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದ ರಾತ್ರಿರಾಣಿ ಮುಟ್ಟುವ ತುತ್ತತುದಿಯ ಸ್ವರಕ್ಕೆ ಸುಮಾರು ಸಾವಿರದ ನಾನೂರು ಬಾರಿ.

ಇಪ್ಪತ್ತರ ಆಸುಪಾಸಿನಲ್ಲಿ ಈ ಕಂಠ ಚುರುಕು, ಆದರೆ ತೆಳು. ಮೂವತ್ತರತ್ತ ಸಾಗಿದಂತೆ ಮಧ್ಯಸ್ಥಾಯಿ ತುಂಬಿಕೊಳ್ಳುತ್ತದೆ, ಬಣ್ಣ ಗಾಢವಾಗುತ್ತದೆ. ವಾಗ್ನರ್ ಹಾಡುವಂಥ ಭಾರಿ ಕಂಠಗಳು ಹಣ್ಣಾಗಲು ಮೂವತ್ತೈದಾದರೂ ದಾಟಬೇಕು. ಆಮೇಲೆ ನಿಧಾನಕ್ಕೆ ಇಳಿಜಾರು. ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಸುಣ್ಣಗಟ್ಟಿ ಗಡುಸಾಗುತ್ತವೆ. ಸ್ನಾಯು ಸೊರಗುತ್ತದೆ, ಪೊರೆ ಒಣಗುತ್ತದೆ, ಶ್ವಾಸಕೋಶ ಹಿಡಿಯುವ ಗಾಳಿ ಕಡಿಮೆಯಾಗುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೊಜೆನ್ ಕುಸಿದು ಧ್ವನಿತಂತುಗಳು ದಪ್ಪವಾಗಿ ದನಿ ತಗ್ಗುತ್ತದೆ. ಮನೆಯಲ್ಲಿ ಅಜ್ಜನ ದನಿ ಕೀರಲಾಗುತ್ತಾ, ಅಜ್ಜಿಯ ದನಿ ಗಡುಸಾಗುತ್ತಾ ಹೋಗುವುದನ್ನು ಎಲ್ಲರೂ ಕೇಳಿದ್ದೇವೆ. ಮಾತಿಗೆ ಅದರಿಂದ ನಷ್ಟವಿಲ್ಲ. ಸೊಪ್ರಾನೊಗೆ ಮಾತ್ರ ಮೇಲಿನ ಎರಡು ಮೂರು ಸ್ವರ ಹೋದರೆ ಮನೆಯ ಮಾಡೇ ಹಾರಿಹೋದಂತೆ.

ಕೇಳುಗರಿಗೆ ಮೊದಲು ಕಿವಿಗೆ ಬೀಳುವುದು ಅಲುಗಾಟ. ತರಬೇತಾದ ಪಾಶ್ಚಾತ್ಯ ಕಂಠದಲ್ಲಿ ಸ್ವರ ಸೆಕೆಂಡಿಗೆ ಆರೇಳು ಬಾರಿ ಮೆಲ್ಲಗೆ ಕಂಪಿಸುತ್ತಿರುತ್ತದೆ, ಅದೇ ವೈಬ್ರಾಟೊ. ವಯಸ್ಸಾದಂತೆ, ಇಲ್ಲವೇ ಅತಿಯಾಗಿ ದುಡಿಸಿದರೆ, ಕಂಪನ ನಿಧಾನವಾಗಿ ಅಗಲವಾಗುತ್ತದೆ. ಸ್ವರ ನಿಂತಲ್ಲಿ ನಿಲ್ಲದೆ ಸಡಿಲವಾದ ಗಾಲಿಯಂತೆ ಓಲಾಡುತ್ತದೆ. ಹಾಡುವವರಿಗಾದರೋ ಇದಕ್ಕೆ ಎಷ್ಟೋ ಮೊದಲೇ ಸುಳಿವು ಸಿಕ್ಕಿರುತ್ತದೆ: ಎತ್ತರದ ಸ್ವರವನ್ನು ಜೋರಾಗಿ ಹಾಡಬಲ್ಲೆ, ಪಿಸುಗುಟ್ಟುವಂತೆ ಹಾಡಲಾರೆ ಎಂಬ ದಿನ ಅದು.

ಇಲ್ಲಿ ನಮ್ಮ ಸಂಗೀತಗಾರರ ಭಾಗ್ಯ ನೆನಪಾಗುತ್ತದೆ. ಶಾರೀರ ಬಗ್ಗಲಿಲ್ಲವೆಂದರೆ ಶ್ರುತಿಯನ್ನು ಅರ್ಧ ಮನೆ ಇಳಿಸಿ, ತಂಬೂರಿಯನ್ನು ಹೊಸದಾಗಿ ಹೊಂದಿಸಿಕೊಂಡರಾಯಿತು. ರಾಗ ಅದೇ, ಕೃತಿ ಅದೇ. ಗಂಗೂಬಾಯಿ ಹಾನಗಲ್ ಅವರ ಎಳವೆಯ ರೆಕಾರ್ಡುಗಳಲ್ಲಿರುವುದು ತೆಳುವಾದ ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ತಗ್ಗಿತು. ಆ ತಗ್ಗಿದ ದನಿಯಲ್ಲೇ ಅವರು ಕಿರಾನಾ ಘರಾಣೆಯ ದಿಗ್ಗಜರಾದರು. ಒಪೆರಾದಲ್ಲಿ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ಸ್ವರ ಕಾಗದದ ಮೇಲೆ ಅಚ್ಚಾಗಿದೆ, ಇಡೀ ವಾದ್ಯವೃಂದ ಆ ಕಾಗದಕ್ಕೆ ಕಟ್ಟುಬಿದ್ದಿದೆ. ಗುಟ್ಟಾಗಿ ಒಂದು ಹಾಡನ್ನು ಅರ್ಧ ಸ್ವರ ಇಳಿಸಿಕೊಳ್ಳುವುದುಂಟು. ಆದರೆ ಕಿವಿಯುಳ್ಳ ರಸಿಕರು ಅದನ್ನು ಮಧ್ಯಂತರದಲ್ಲೇ ಪತ್ತೆಹಚ್ಚಿ ಹರಟುತ್ತಾರೆ.

1952ರ ಒಂದು ರಹಸ್ಯ ಇಂಥದ್ದೇ. ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರಿಗೆ ಆಗ ಐವತ್ತಾರು. ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯ ಧ್ವನಿಮುದ್ರಣ. ಕಂಠದ ಮಧ್ಯಭಾಗ ಕರಗಿದ ಬಂಗಾರದಂತಿತ್ತು, ಎರಡನೇ ಅಂಕದ ‘ಹೈ ಸಿ’ಗಳು ಮಾತ್ರ ಕೈಗೆಟುಕುತ್ತಿರಲಿಲ್ಲ. ಮುಂದೆ ನಿರ್ಮಾಪಕ ವಾಲ್ಟರ್ ಲೆಗ್ ಅವರ ಹೆಂಡತಿಯಾದ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ತಾವೇ ಪ್ರಸಿದ್ಧ ಸೊಪ್ರಾನೊ. ಅವರು ಆ ಸ್ವರಗಳನ್ನಷ್ಟೇ ಹಾಡಿಕೊಟ್ಟರು. ಕೆಲವು ಕ್ಷಣಗಳ ಸಾಲ. ಸುದ್ದಿ ಹೊರಬಿದ್ದಾಗ ಫ್ಲಾಗ್‌ಸ್ಟಾಡ್ ನೊಂದುಕೊಂಡರು. ನಾಲ್ಕು ಗಂಟೆಗಳ ಆ ಅದ್ಭುತವನ್ನು ಬಿಟ್ಟು ಜನ ಆ ಕ್ಷಣಗಳನ್ನೇ ಆಡಿಕೊಂಡದ್ದು ಅನ್ಯಾಯವೇ ಸರಿ. ‘ಟ್ರಿಸ್ಟಾನ್’ ರೆಕಾರ್ಡುಗಳಲ್ಲಿ ಅದಕ್ಕಿರುವ ಗೌರವ ಇಂದಿಗೂ ಇಳಿದಿಲ್ಲ.

ಅದಕ್ಕೂ ಹಿಂದಿನದು ಅಡೆಲಿನಾ ಪ್ಯಾಟಿಯ ಕಥೆ. ಹತ್ತೊಂಬತ್ತನೆಯ ಶತಮಾನದ ಈ ಒಪೆರಾ ಮಹಾರಾಣಿ ಗ್ರಾಮಫೋನಿಗೆ ಒಪ್ಪುವ ಹೊತ್ತಿಗೆ ಅವರಿಗೆ ಅರವತ್ತೆರಡು ವರ್ಷ. 1905ರ ಡಿಸೆಂಬರಿನಲ್ಲಿ ಧ್ವನಿಮುದ್ರಣದವರೇ ವೇಲ್ಸ್‌ನಲ್ಲಿದ್ದ ಅವರ ಕೋಟೆಯಂಥ ಮನೆಗೆ ಸಾಮಾನು ಹೊತ್ತು ಹೋದರು. ಹೋದವರಲ್ಲಿ ಒಬ್ಬರು ಫ್ರೆಡ್ ಗೈಸ್‌ಬರ್ಗ್. ಮೂರು ವರ್ಷ ಮೊದಲು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿಯನ್ನು ಅರಗಿನ ತಟ್ಟೆಗಿಳಿಸಿದ್ದವರು ಇವರೇ. ತಮ್ಮದೇ ದನಿ ಕೊಂಬಿನಿಂದ ಹೊರಬಂದಾಗ ಪ್ಯಾಟಿ ಆ ಕೊಂಬಿಗೇ ಮುತ್ತಿನ ಮಳೆಗರೆದರಂತೆ. ಆ ರೆಕಾರ್ಡುಗಳಲ್ಲಿ ಉಸಿರು ಚಿಕ್ಕದು, ಶ್ರುತಿ ಇಳಿಸಿದ್ದು. ಆದರೂ ಸ್ವರದಿಂದ ಸ್ವರಕ್ಕೆ ಜಾರುವ ಆ ನಯ ಯಾವ ಎಳೆಯ ಗಾಯಕಿಗೂ ಸುಲಭದಲ್ಲಿ ದಕ್ಕುವಂಥದ್ದಲ್ಲ.

ಆಸ್ಟ್ರೇಲಿಯಾದ ನೆಲ್ಲಿ ಮೆಲ್ಬಾ 1926ರ ಜೂನ್ 8ರಂದು, ಅರವತ್ತೈದರ ವಯಸ್ಸಿನಲ್ಲಿ, ಲಂಡನ್ನಿನ ಕೋವೆಂಟ್ ಗಾರ್ಡನ್‌ಗೆ ವಿದಾಯ ಹೇಳಿದರು. ಆ ರಾತ್ರಿಯ ಧ್ವನಿಮುದ್ರಣ ಉಳಿದಿದೆ. ದನಿ ಆಶ್ಚರ್ಯವಾಗುವಷ್ಟು ನೆಟ್ಟಗಿದೆ. ಆದರೆ ಆಕೆ ಹೇಳಿದ ವಿದಾಯಗಳು ಒಂದೆರಡಲ್ಲ. ಹೋಗುತ್ತೇನೆ ಎಂದು ಹೇಳುತ್ತಲೇ ಹೊಸಿಲು ದಾಟದವರನ್ನು ಆಸ್ಟ್ರೇಲಿಯಾದವರು ಇಂದಿಗೂ ಮೆಲ್ಬಾಗೆ ಹೋಲಿಸುತ್ತಾರೆ.

ಕೆಲವರು ಹೋಗಲಿಲ್ಲ, ಮನೆ ಬದಲಿಸಿದರು. ವಿಯೆನ್ನಾದ ಲಿಯೊನಿ ರಿಸಾನೆಕ್ ಸ್ಟ್ರಾಸ್‌ನ ‘ಎಲೆಕ್ಟ್ರಾ’ದಲ್ಲಿ ದಶಕಗಳ ಕಾಲ ತಂಗಿ ಕ್ರಿಸೊಥೆಮಿಸ್ ಆಗಿದ್ದವರು. 1981ರ ಚಲನಚಿತ್ರದಲ್ಲಿ ಅಕ್ಕ ಎಲೆಕ್ಟ್ರಾ ಆದರು. ಆ ಚಿತ್ರದಲ್ಲಿ ತಾಯಿಯಾದ ಆಸ್ಟ್ರಿಡ್ ವಾರ್ನೆ, ಹಿಂದೆ ತಾವೇ ಎಲೆಕ್ಟ್ರಾ ಹಾಡಿದವರು. ಕೊನೆಗೆ ರಿಸಾನೆಕ್ ಕೂಡ ಆ ತಾಯಿ ಕ್ಲಿಟೆಮ್ನೆಸ್ಟ್ರಾಳ ಪಾತ್ರಕ್ಕೇ ಇಳಿದು, 1996ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಅದೇ ಪಾತ್ರದಲ್ಲಿ ರಂಗ ಬಿಟ್ಟರು. ಒಂದೇ ಮನೆಯ ಮೂರು ಹೆಂಗಸರ ಬಾಳನ್ನು ಒಬ್ಬರೇ ಬಾಳಿದರು.

ಇಟಲಿಯ ಮಗ್ದಾ ಒಲಿವೆರೊ ಯಾವ ಲೆಕ್ಕಕ್ಕೂ ಸಿಗದವರು. 1941ರಲ್ಲಿ ಮದುವೆಯಾಗಿ ಹಾಡು ಬಿಟ್ಟರು. ‘ಅದ್ರಿಯಾನಾ ಲೆಕುವ್ರೆರ್’ ರಚಿಸಿದ ಮುದುಕ ಚಿಲೆಯಾ ಮತ್ತೆ ಹಾಡು ಎಂದು ಬೇಡಿಕೊಂಡ ಮೇಲೆ 1951ರಲ್ಲಿ ಮರಳಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಮೊದಲ ಸಲ ಹಾಡಿದ್ದು 1975ರಲ್ಲಿ, ‘ತೋಸ್ಕಾ’ ಆಗಿ, ಅರವತ್ತೈದರ ವಯಸ್ಸಿನಲ್ಲಿ. ನೂರಾ ನಾಲ್ಕು ವರ್ಷ ಬದುಕಿದರು. ನಡುವಿನ ಹತ್ತು ವರ್ಷದ ಬಿಡುವೇ ಕಂಠವನ್ನು ಕಾಪಾಡಿತೇ ಎಂದು ಕೇಳಬಹುದು. ಹಾಗೆಂದು ಎಲ್ಲರಿಗೂ ಹತ್ತು ವರ್ಷ ಬಾಯಿ ಮುಚ್ಚಿಕೊಳ್ಳಿ ಎನ್ನಲಾದೀತೇ!

ಸ್ಲೊವಾಕಿಯಾದ ಎದಿತಾ ಗ್ರುಬೆರೋವಾ 1970ರಲ್ಲಿ ವಿಯೆನ್ನಾದಲ್ಲಿ ರಾತ್ರಿರಾಣಿಯಾದಾಗ ಇನ್ನೂ ಇಪ್ಪತ್ತಮೂರು. ತಮ್ಮದು ಚುರುಕಾದ ಹಗುರ ಕಂಠ ಎಂಬುದನ್ನು ಅವರು ಎಂದೂ ಮರೆಯಲಿಲ್ಲ. ಬೆಲ್ಲಿನಿಯ ‘ನಾರ್ಮಾ’ಗೆ ಕೈಹಚ್ಚಿದ್ದೇ ಐವತ್ತು ದಾಟಿ ಎಷ್ಟೋ ವರ್ಷಗಳಾದ ಮೇಲೆ. ಕೊನೆಕೊನೆಗೆ ಸ್ವರವನ್ನು ನೇರವಾಗಿ ಹಿಡಿಯದೆ ಕೆಳಗಿನಿಂದ ಜಾರಿ ಏರುತ್ತಾರೆ ಎಂದು ವಿಮರ್ಶಕರು ಗೊಣಗಿದರು. ಗೊಣಗಿದ್ದು ಸುಳ್ಳಲ್ಲ. 2019ರ ಮಾರ್ಚ್ 27ರಂದು ಮ್ಯೂನಿಕ್‌ನಲ್ಲಿ, ಎಪ್ಪತ್ತೆರಡರ ಅವರು ದೊನಿಜೆತ್ತಿಯ ‘ರೊಬೆರ್ತೊ ದೆವರು’ವಿನಲ್ಲಿ ಮುಪ್ಪಾದ ಎಲಿಜಬೆತ್ ರಾಣಿಯಾಗಿ ಒಪೆರಾ ರಂಗಕ್ಕೆ ಕೈಮುಗಿದರು. ಅಂದು ಪಾತ್ರದ ವಯಸ್ಸೂ ಗಂಟಲಿನ ವಯಸ್ಸೂ ಹೊಂದಿಕೊಂಡಿದ್ದವು.

ಹಾಗಾದರೆ ಮರಿಯಾ ಕಲಾಸ್? ಈ ಪಟ್ಟಿಗೆ ಅವರು ಒಗ್ಗುವುದಿಲ್ಲ, ಅವರನ್ನು ಬಿಟ್ಟು ಮಾತು ಮುಗಿಯುವುದೂ ಇಲ್ಲ. 1949ರ ಜನವರಿಯಲ್ಲಿ ವೆನಿಸ್‌ನಲ್ಲಿ ಇಪ್ಪತ್ತೈದರ ಕಲಾಸ್ ವಾಗ್ನರ್‌ನ ಬ್ರೂನ್‌ಹಿಲ್ಡೆ ಹಾಡುತ್ತಿದ್ದರು. ‘ಇ ಪುರಿತಾನಿ’ ಹಾಡಬೇಕಿದ್ದ ಗಾಯಕಿ ಕಾಯಿಲೆ ಬಿದ್ದರು. ನಿರ್ದೇಶಕ ಸೆರಾಫಿನ್ ಒತ್ತಾಯಕ್ಕೆ ಕಲಾಸ್ ಕೆಲವೇ ದಿನಗಳಲ್ಲಿ ಆ ಪಾತ್ರವನ್ನೂ ಕಲಿತು ಹಾಡಿದರು. ಒಂದು ಬಂಡೆ ಎತ್ತುವ ಕೆಲಸ, ಇನ್ನೊಂದು ಮುತ್ತು ಪೋಣಿಸುವ ಕೆಲಸ. ಇಟಲಿ ಬೆರಗಾಯಿತು, ಆ ಒಂದು ವಾರದಲ್ಲಿ ಅವರು ತಾರೆಯಾದರು. 1953-54ರಲ್ಲಿ ಮೂವತ್ತು ಕಿಲೋಗೂ ಹೆಚ್ಚು ತೂಕ ಇಳಿಸಿದರು. 1965ರ ಜುಲೈ 5ರಂದು ಕೋವೆಂಟ್ ಗಾರ್ಡನ್‌ನಲ್ಲಿ ‘ತೋಸ್ಕಾ’ ಹಾಡಿದ್ದೇ ಕೊನೆಯ ಒಪೆರಾ, ಆಗ ನಲವತ್ತೊಂದು. ಫ್ರೆನಿ ಆ ವಯಸ್ಸಿನಲ್ಲಿ ಇನ್ನೂ ‘ಆಯಿದಾ’ವನ್ನೇ ಮುಟ್ಟಿರಲಿಲ್ಲ.

ಕಾರಣಗಳ ಬಗ್ಗೆ ಜಗಳ ಇಂದಿಗೂ ನಿಂತಿಲ್ಲ. ತೂಕ ಇಳಿದು ಉಸಿರಿನ ಆಸರೆ ಹೋಯಿತು ಎನ್ನುವವರುಂಟು. ಸ್ನಾಯುಗಳನ್ನು ಸೊರಗಿಸುವ ಡರ್ಮಟೊಮಯೊಸೈಟಿಸ್ ಎಂಬ ಕಾಯಿಲೆಯಿತ್ತು ಎಂದು ಇಟಲಿಯ ಸಂಶೋಧಕರು 2010ರಲ್ಲಿ ವಾದಿಸಿದರು. ಕಾಯಿಲೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಇಪ್ಪತ್ತರ ಹರೆಯದಲ್ಲೇ ಇಸೋಲ್ಡೆ, ತುರಂದೊತ್, ಬ್ರೂನ್‌ಹಿಲ್ಡೆ ಮೂವರನ್ನೂ ಹೊತ್ತ ಗಂಟಲು ಅದರ ಬಡ್ಡಿ ಕಟ್ಟದೆ ಇರಲು ಸಾಧ್ಯವಿರಲಿಲ್ಲ. ವೆನಿಸ್‌ನ ಆ ವಾರವನ್ನು ಒಪೆರಾ ಚರಿತ್ರೆಗಳು ಗೆಲುವಿನ ಕಥೆಯಾಗಿಯೇ ಹೇಳುತ್ತವೆ. ಸಾಲದ ಮೊದಲ ಕಂತು ಎಂದೂ ಅದನ್ನು ಓದಬಹುದು.

ಆಸಕ್ತರು ಒಂದು ಕೆಲಸ ಮಾಡಬಹುದು. ಕಲಾಸ್ ‘ನಾರ್ಮಾ’ವನ್ನು ಸ್ಟುಡಿಯೊದಲ್ಲಿ ಎರಡು ಸಲ ಧ್ವನಿಮುದ್ರಿಸಿದ್ದಾರೆ, 1954ರಲ್ಲಿ ಮತ್ತು 1960ರಲ್ಲಿ. ಎರಡಕ್ಕೂ ನಿರ್ದೇಶಕರು ಅದೇ ಸೆರಾಫಿನ್, ವಾದ್ಯವೃಂದ ಅದೇ ಲಾ ಸ್ಕಾಲಾದ್ದು. ಎರಡೂ ಇಂದು ಸುಲಭವಾಗಿ ಸಿಗುತ್ತವೆ. ಮೊದಲು 1960ರದ್ದನ್ನು ಕೇಳಿ: ಮೇಲಿನ ಸ್ವರಗಳು ಗೀರುತ್ತವೆ, ಓಲಾಡುತ್ತವೆ, ಕೆಳಗಿನ ಮಾತುಗಳು ಎದೆಗೆ ನಾಟುತ್ತವೆ. ಆಮೇಲೆ 1954ರದ್ದನ್ನು ಹಾಕಿ. ನಡುವೆ ಕಳೆದದ್ದು ಬರೀ ಆರು ವರ್ಷ. 1960ರದ್ದನ್ನು ಹಾಡುವಾಗ ಕಲಾಸ್‌ಗೆ ಮೂವತ್ತಾರು.